ಉಪ್ಪು ಸ್ವಲ್ಪ ಕಡಿಮೆ

ಮೊದಲ ದಿನ ವಾರ್ಡನ್ ಕೇಳಿದ್ದು ಪಾಸ್‌ಪೋರ್ಟು.
ಯಲ್ಲಾಪುರದ ಬಸ್ ಟಿಕೀಟು ತೋರಿಸಿದೆ.
ನಕ್ಕರು; ಆದರೂ ಮೂರನೇ ಮಹಡಿಯಲ್ಲಿ
ತಾಂಜಾನಿಯಾದ ನೀಮಾಳ ಜತೆಗೇ ಹಾಕಿದರು ನನ್ನ.
‘ನಿಮಗಿಬ್ಬರಿಗೂ ಹೊಂದಿಕೆ ಆಗುತ್ತೆ.’
ಆಯಿತು. ಹೊಂದಿಕೆ ಆದದ್ದು ಎಣ್ಣೆಯ ಬಾಟಲಿ,
ಅಗಲ ಹಲ್ಲಿನ ಹಣಿಗೆ,
ಅವಳ ಚಳಿಗೆ ನನ್ನಜ್ಜಿ ಹೊಲಿದ ಕೌದಿ.
ಮಾತಿಗೆ ಮಾತ್ರ ಇಬ್ಬರದೂ ಅರೆಬರೆ ಇಂಗ್ಲಿಷು.

ಹುಡುಗರು ಬಂದರು. ಬರಲಿಲ್ಲವೆಂದಲ್ಲ.
ಒಬ್ಬ ಕೂದಲು ಮುಟ್ಟಲೇ ಎಂದು ಕೇಳಿದ, ಮುಟ್ಟಿದ ಮೇಲೆ.
ಒಬ್ಬ ಐನೂರು ರೂಪಾಯಿ ಪಂದ್ಯಕ್ಕೆ ನಂಬರು ಕೇಳಿದ;
ಕೊಟ್ಟು, ಅರ್ಧ ಪಾಲು ವಸೂಲಿ ಮಾಡಿದೆ.
ಕಾಲೇಜು ಹಬ್ಬಕ್ಕೆ ಸೊಪ್ಪು ಸುತ್ತಿಕೊಂಡು ಕುಣಿ ಎಂದವನೇ
ನಿನ್ನ ಕಣ್ಣಲ್ಲಿ ಕಾಡಿದೆ ಅಂತ ಮೆಸೇಜು ಹಾಕಿದ,
ರಾತ್ರಿ ಹನ್ನೊಂದೂವರೆಗೆ.
ಹಗಲು ಕ್ಯಾಂಟೀನಿನಲ್ಲಿ ನನ್ನನ್ನು ಹಾದು
ಗೋಡೆಯ ಬೆಲೆಪಟ್ಟಿ ಓದುತ್ತಿದ್ದ.

ಮರುಳಸಿದ್ದ ಹಾಗಲ್ಲ ಅನ್ನಿಸಿತು.
ನಾನು ಸಿದ್ದ, ನೀನು ಸಿದ್ದಿ,
ಬರೀ ಒಂದು ಗುಡಿಸಿನ ಅಂತರ ನೋಡು, ಎಂದಿದ್ದ.
ನಾಲ್ಕು ದಿನ ಅದನ್ನೇ ನೆನೆದು ನಕ್ಕೆ.
ಕುಂದವಾಡ ಕೆರೆಯ ಏರಿ ಮೇಲೆ, ಕತ್ತಲಾದ ಮೇಲೆ,
ನೀನು ಎರೆಹೊಲ, ಎಂದ.
ನಮ್ಮ ಕಡೆ ಕೆಂಪು ಮಣ್ಣು ಮಾರಾಯ, ಎಂದೆ.
ಮಂಡಕ್ಕಿ ಭಟ್ಟಿಯ ಕರಿ ಬಾಣಲೆ ನೀನು,
ನಿನ್ನೊಳಗೆ ಬೆಳ್ಳಗೆ ಅರಳುತ್ತೇನೆ, ಎಂದ.
ಆ ಭಟ್ಟಿಗಳ ಹೊಗೆಗೆ ಕೆಮ್ಮುವ ಹೆಂಗಸರನ್ನು
ನರ್ಸಿಂಗ್ ಸರ್ವೆಗೆ ಹೋಗಿ ಎಣಿಸಿ ಬಂದಿದ್ದೆ:
ಒಂದೇ ಓಣಿಯಲ್ಲಿ ಹದಿನೇಳು.
ಹೇಳಲಿಲ್ಲ. ಅವನ ಕೈ ಬೆಚ್ಚಗಿತ್ತು.

ಪ್ರೀತಿ ಎಂದರೆ ಆಗ, ಎರಡು ಬೆಣ್ಣೆದೋಸೆ, ಪಾರ್ಸೆಲ್.
ಒಳಗೆ ಕೂತು ತಿನ್ನೋಣ ಎಂದರೆ
ರಷ್ಷು, ಎನ್ನುತ್ತಿದ್ದ.
ಮಂಗಳವಾರ ಮಧ್ಯಾಹ್ನ ಮೂರಕ್ಕೂ ರಷ್ಷು.
ಅವನಮ್ಮ ಕುಟ್ಟಿದ ಶೇಂಗಾ ಚಟ್ನಿಪುಡಿ
ಹಾರ್ಲಿಕ್ಸ್ ಬಾಟಲಿಯಲ್ಲಿ ತಂದುಕೊಟ್ಟ ಒಮ್ಮೆ.
‘ಮನೇಲಿ ಫ್ರೆಂಡಿಗೆ ಅಂತ ಹೇಳೀನಿ. ಹೆಸರು ಕೇಳ್ಲಿಲ್ಲ.’
‘ಕೇಳಿದ್ದರೆ?’ ಎಂದಳು ನೀಮಾ,
ಬ್ರೆಡ್ಡಿಗೆ ಉದುರಿಸಿಕೊಂಡು,
ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ.

ಮೊನ್ನೆ ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು.
ಮಗ್ಗುಲಲ್ಲೇ ಅವನ ಸ್ಕೂಟರು. ಹಿಂದೆ ಅವನಮ್ಮ,
ತೊಡೆಯ ಮೇಲೆ ಹೂಕೋಸಿನ ಚೀಲ.
ಅವನು ಹಳಿ ನೋಡಿದ. ಸಿಗ್ನಲ್ಲು ನೋಡಿದ.
ವಾಚಿಲ್ಲದ ಮಣಿಕಟ್ಟು ನೋಡಿಕೊಂಡ.
ಅವರು ಮೆಲ್ಲಗೆ: ‘ಯಾವ ದೇಶದಾಕಿಯೋ, ಪಾಪ.
ಇಷ್ಟು ದೂರ ಹೆಂಗೆ ಕಳಿಸ್ತಾರೋ ಹೆಣ್ಮಕ್ಕಳ್ನ.’

ಗೂಡ್ಸ್ ಗಾಡಿ. ಐವತ್ತೆಂಟು ಡಬ್ಬಿ, ಎಣಿಸಿದೆ.
ಸದ್ದು ಇಳಿಯುವ ತನಕ ಕಾದು ಹೇಳಿದೆ:
‘ಯಲ್ಲಾಪುರ, ಅಮ್ಮಾ. ಯಮುನಾ ಅಂತ.
ನಿಮ್ಮ ಚಟ್ನಿಪುಡಿ ಚೆನ್ನಾಗಿತ್ತು.
ಉಪ್ಪು ಸ್ವಲ್ಪ ಕಡಿಮೆ.’

ಗೇಟು ಎದ್ದಿತು. ಆಟೋಗಳೆಲ್ಲ ಒಮ್ಮೆಗೇ ಹಾರ್ನ್ ಹೊಡೆದವು.
ಅವನ ಸ್ಕೂಟರು ಸ್ಟಾರ್ಟ್ ಆಗಲೊಲ್ಲದು.
ಅವನಮ್ಮ ನನ್ನ ಕಡೆ ನೋಡಲಿಲ್ಲ;
ಮಗನ ಬೆನ್ನನ್ನೇ ನೋಡುತ್ತಿದ್ದರು.