ಐವತ್ತೆಂಟು ಸೆಕೆಂಡು

ಹದಿನೆಂಟು ಕುರ್ಚಿ ಹಾಕಿದ್ದೆ. ಆಮೇಲೆ ಆರನ್ನು ತೆಗೆದೆ.
ಮಾತಾಡಲು ನಿಂತ ಲೇಖಕನ ಕಣ್ಣು
ಮೊದಲು ಎಣಿಸುವುದು ಖಾಲಿ ಕುರ್ಚಿಯನ್ನೇ.
ಇಪ್ಪತ್ತೆರಡು ವರ್ಷದಿಂದ ಈ ಲೈಬ್ರರಿ ನನ್ನದು,
ಸ್ಕಾರ್ವಿಕದಲ್ಲಿ, ನಾರ್ವೆಯ ಬಡಗಣ ಅಂಚಿನಲ್ಲಿ,
ನವೆಂಬರಿಗೆ ಸೂರ್ಯ ರಜೆ ಹಾಕಿ ಹೋಗುವ ಊರು.

ಐಲಿಫ್ ಬರೆದದ್ದು ಒಂದೇ ಪುಸ್ತಕ, ಎಪ್ಪತ್ತೊಂದರ ಪ್ರಾಯಕ್ಕೆ.
ಮೂವತ್ತು ಚಳಿಗಾಲ ದೀಪಸ್ತಂಭದ ದ್ವೀಪದಲ್ಲಿ
ಮಂಜುಕಹಳೆ ಕಾದವನು.
ಒಂಬತ್ತು ಮೈಲಿ ಕೇಳುವ ದನಿ ಅವನ ಕೈಯಲ್ಲಿತ್ತು,
ಹಿಡಿಕೆ ಎಳೆದರೆ ಸಾಕು.
ಅವನ ಸ್ವಂತದ್ದು ಮೇಜು ದಾಟದು.

ಓಸ್ಲೋದ ಪ್ರಕಾಶಕರು ಒಂದು ಹಾಳೆ ಕಳಿಸಿದ್ದರು:
ನಗುತ್ತ ಶುರುಮಾಡಿ. ಕಣ್ಣಿಗೆ ಕಣ್ಣು ಕೊಡಿ.
ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿಯಿರಿ.
ಅದರ ಹೆಸರನ್ನು ಮೂರು ಸಲವಾದರೂ ಹೇಳಿ.
ಐಲಿಫ್ ಓದಿದ, ನಾಲ್ಕಾಗಿ ಮಡಚಿದ,
ಅಲ್ಲಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟ.
ಮೇಜಿನ ನಡುಕ ನಿಂತಿತು.

ಮೂರು ವಾರ ತಾಲೀಮು, ಬಾಗಿಲು ಹಾಕಿದ ಮೇಲೆ,
ಮಕ್ಕಳ ಪುಸ್ತಕಗಳ ಮೂಲೆಯಲ್ಲಿ.
ಹಿಂದಿನ ಗೋಡೆಗೊರಗಿ ನಾನು ಕೂಗುವೆ: ಕೇಳಿಸ್ತಿಲ್ಲ!
ಅವನು ಹಾಳೆಗೇ ಹೇಳುತ್ತಾನೆ,
ಹಾಳೆಗೆ ಆಗಲೇ ಗೊತ್ತಿರುವುದನ್ನು.
ನಿಧಾನ ಅಂದರೆ ಇನ್ನೂ ಓಡುತ್ತಾನೆ
ಪೂರ್ಣವಿರಾಮಗಳನ್ನು ತುಳಿದುಕೊಂಡು,
ತನ್ನ ಮನೆಗೇ ಕನ್ನ ಹಾಕಿದ ಕಳ್ಳನ ಹಾಗೆ.
ನೀರು ಕುಡಿ ಅಂದೆ. ಕುಡಿದ. ಮತ್ತೆ ಕುಡಿದ.
ಮಾತು ಬರಲಿಲ್ಲ, ಉಚ್ಚೆ ಬಂತು.

ನಾನೂ ತಪ್ಪಿದೆ, ಒಪ್ಪುತ್ತೇನೆ.
ಕನ್ನಡಿಯ ಮುಂದೆ ನಿಲ್ಲಿಸಿದ್ದು ನನ್ನದೇ ಬುದ್ಧಿ.
ಅದರೊಳಗೆ ಅವನಿಗೆ ಕಂಡದ್ದು ತಮ್ಮ ತೋರ್ಲೈಫ್ ಅಂತೆ,
ಐದನೇ ಅಧ್ಯಾಯದಲ್ಲಿ ದೋಣಿ ಸಮೇತ ಹೋದವನು.
ಆಮೇಲೆ ಕನ್ನಡಿಗೆ ಬಟ್ಟೆ ಹೊದಿಸಿದೆ.

ಗುರುವಾರ, ಸಂಜೆ ಏಳು. ಹದಿನಾಲ್ಕು ಜನ.
ಕಾಫಿ, ಬಿಸಿ ವಾಫಲ್, ಒದ್ದೆ ಉಣ್ಣೆಯ ವಾಸನೆ.
ಎರಡು ಕುರ್ಚಿ ಮತ್ತೆ ತಂದೆ, ಸದ್ದಾಗದ ಹಾಗೆ.
ಮುಂದಿನ ಸಾಲಿನಲ್ಲಿ ಗುನ್ವೋರ್, ಹೆಣಿಗೆ ಹಿಡಿದು,
ಯಾರ ಪುಸ್ತಕಕ್ಕೂ ಬರುವವಳು, ಯಾವುದನ್ನೂ ಕೊಳ್ಳದವಳು.

ಮೈಕು ಕೊಟ್ಟೆ. ಬೆರಳಲ್ಲಿ ತಟ್ಟಿದ, ತಾನೇ ಬೆಚ್ಚಿದ.
ಮೊದಲ ವಾಕ್ಯ ಸರಿಯಾಗೇ ಬಂತು.
ಎರಡನೆಯದು ಅರ್ಧ.
ಆಮೇಲೆ ಇಲ್ಲ.
ತೆರೆದ ಬಾಯಿ. ಪಸೆಯಾರಿದ ತುಟಿ.
ಗುನ್ವೋರಳ ಕಡ್ಡಿಗಳು ನಿಂತವು.
ಎದ್ದು ಹೋಗಲೇ? ಸಾಲು ಪಿಸುಗುಡಲೇ?
ಯಾರೋ ಕೆಮ್ಮಿದರು;
ನಮ್ಮೂರಲ್ಲಿ ಕರುಣೆ ಹೀಗೇ ಸದ್ದು ಮಾಡುವುದು.
ಆಗ ಕಂಡೆ: ಅವನ ಬಲಗೈ
ತೊಡೆಗೆ ತಟ್ಟಿ ತಟ್ಟಿ ಎಣಿಸುತ್ತಿತ್ತು.

"ಎರಡು ಸೆಕೆಂಡು ಕೂಗು," ಅಂದ ಕೊನೆಗೆ, ಹಾಳೆ ಬಿಟ್ಟು,
"ಐವತ್ತೆಂಟು ಸೆಕೆಂಡು ಸುಮ್ಮನೆ. ಅದು ನಮ್ಮ ದ್ವೀಪದ ಲೆಕ್ಕ.
ತೆಂಕಣದ ದ್ವೀಪದ್ದು ಇಪ್ಪತ್ತೆಂಟು.
ಮಂಜಿನಲ್ಲಿ ಕೂಗೆಲ್ಲ ಒಂದೇ ಥರ.
ದೋಣಿಯವರು ಎಣಿಸೋದು ಸುಮ್ಮನಿದ್ದದ್ದನ್ನ.
ಎಷ್ಟು ಹೊತ್ತು ಸುಮ್ಮನಿದ್ದ ಅನ್ನೋದರಿಂದಲೇ
ಯಾರು ಅಂತ ಗೊತ್ತಾಗೋದು."

ಮತ್ತೆ ನಿಂತ. ಈ ಸಲ ಯಾರೂ ಕೆಮ್ಮಲಿಲ್ಲ.

"ಯಂತ್ರ ಹೆಪ್ಪುಗಟ್ಟಿತ್ತು ಅಂತ ಪುಸ್ತಕದಲ್ಲಿ ಬರೆದಿದೀನಿ.
ಯಂತ್ರ ಚೆನ್ನಾಗೇ ಇತ್ತು.
ಎಣಿಸೋದರಲ್ಲಿ ತೋರ್ಲೈಫ್ ತಪ್ಪಲಿಲ್ಲ.
ನನಗೆ ಜೊಂಪು ಹತ್ತಿತ್ತು."

ಮೈಕು ಕೆಳಗಿಟ್ಟ, ಮಲಗಿದ ಮಗುವನ್ನು ಇಡುವಂತೆ.
ಚಪ್ಪಾಳೆ ಎಲ್ಲಿಂದ ಶುರುಮಾಡುವುದೆಂದು ಯಾರಿಗೂ ತಿಳಿಯಲಿಲ್ಲ.
ಗುನ್ವೋರ್ ಎದ್ದಳು, ನೂಲುಂಡೆ ಉರುಳಿತು,
ಪುಸ್ತಕವೊಂದನ್ನು ಕೊಂಡು ಅವನ ಮುಂದೆ ಬಿಚ್ಚಿದಳು:
ಸಹಿ ಬೇಡ, ಐದನೇ ಅಧ್ಯಾಯ ತಿದ್ದಿಕೊಡು.
ಒಂಬತ್ತು ಪ್ರತಿ ಹೋದವು ಅಂದು,
ಒಂಬತ್ತರಲ್ಲೂ ಲೈಬ್ರರಿಯ ನೀಲಿ ಪೆನ್ನಿನ ಗೀಟು.

ಮರುದಿನ ಓಸ್ಲೋದಿಂದ ಫೋನು:
ಹೇಗಾಯಿತು? ಪುಸ್ತಕದ ಹೆಸರು ಮೂರು ಸಲ ಹೇಳಿದರಾ?
ಒಂದು ಸಲವೂ ಇಲ್ಲ, ಅಂದೆ.
ಆಮೇಲೆ ಹೇಳಬೇಕಾದದ್ದು ತುಂಬ ಇತ್ತು.
ಹಲೋ, ಅಂದಳು ಆ ಹುಡುಗಿ,
ಹಲೋ, ಲೈನಿನಲ್ಲಿದ್ದೀರಾ?