ಕೆಳಗೆ ಎಷ್ಟು ನೀರು

ಮೂರು ಹಡಗುಗಳನ್ನು ಊಟದ ಮೇಜಿನ ಮೇಲೆ ಹರವಿದೆ.
ಒಂದರ ಮೇಲೆ ಉಪ್ಪಿನಕಾಯಿ ಜಾಡಿ, ಒಂದರ ಮೇಲೆ ಕನ್ನಡಕ.
ಇನ್ನೊಂದು ಫ್ಯಾನಿನ ಗಾಳಿಗೆ ತಾನೇ ಹೊರಟು
ಫ್ರಿಜ್ಜಿನ ಕೆಳಗೆ ಸೇರಿತು.
ಪೊರಕೆಯಿಂದ ಎಳೆದೆ.
ಅದೇ ಎಲ್ಲಕ್ಕಿಂತ ದೊಡ್ಡದು: ಹದಿನೇಳು ಅಂತಸ್ತು,
ನಾಲ್ಕು ಸಾವಿರ ಜನ, ನೆತ್ತಿಯ ಮೇಲೊಂದು ಜಾರುಬಂಡೆ.
ನಮ್ಮ ಸುಭಾಷ್ ನಗರದ ಕ್ರಾಸುಗಳೆಲ್ಲ ಎದ್ದು ತೇಲಿದ ಹಾಗೆ.
ಈ ಕ್ರಾಸುಗಳಿಂದ ನೂರು ದಿನ ದೂರ ಇರಲೆಂದೇ ಅಲ್ಲವೆ
ಡಿಪಾಜಿಟ್ಟು ಮುರಿಸುತ್ತಿರುವುದು?

ಎರಡನೆಯದು ಮುದಿ ಹಡಗು. ಆರುನೂರು ಜನ, ಒಂದು ಲೈಬ್ರರಿ,
ಬಣ್ಣ ಬಳಿದ ಮೇಲೂ ತುಕ್ಕು ಇಣುಕುವ ಕೆನ್ನೆ;
ಫೋಟೋ ತೆಗೆದವನು ಮರೆಮಾಚಲು ಮರೆತದ್ದು.
ಮೂರನೆಯದು ಅಗ್ಗ. ಆದರೆ ಕಿಟಕಿಯಿಲ್ಲದ ಕೋಣೆ.

ಕಿಟಕಿಯಿಲ್ಲದ ಕೋಣೆ ನನಗೆ ಗೊತ್ತು.
ಮಂಡ್ಯದ ನೀರಾವರಿ ಕಚೇರಿ, ಕಡತದ ಬೀರುಗಳ ಹಿಂದೆ,
ಮೂವತ್ತಮೂರು ವರ್ಷ, ಬೆಳಿಗ್ಗೆ ಎಂಟಕ್ಕೆ ಫೋನು:
ಕಟ್ಟೆಯಲ್ಲಿ ಇಷ್ಟಡಿ, ಒಳಹರಿವು ಇಷ್ಟು, ನಾಲೆಗೆ ಇಷ್ಟು.
ಬರೆದುಕೊಂಡೆ. ಓದಿ ಹೇಳಿದೆ. ತಿದ್ದಿದೆ.
ಹೈವೇಲಿ ಟೈರು ಸುಟ್ಟ ವರ್ಷ
ಹಾಲಿನ ಬೂತಿನ ಸಾಲು ನನ್ನ ಮುಖ ನೋಡುತ್ತಿತ್ತು:
"ಎಷ್ಟೈತೆ ತಾಯಮ್ಮ, ಇವತ್ತು?"
"ತೊಂಬತ್ತೇಳು ಮುಕ್ಕಾಲು."
ಪ್ಯಾಕೆಟ್ಟು ಹಿಡಿದ ಕೈಗಳು ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದವು.
ಅಷ್ಟು ನೀರು ನನ್ನ ಬೆರಳಿಂದ ಹಾದುಹೋಯಿತು,
ಉಗುರೂ ಒದ್ದೆಯಾಗಲಿಲ್ಲ.

ಮೈಸೂರು, ಅರಸು ರಸ್ತೆ, ಮಹಡಿ ಮೇಲಿನ ಟ್ರಾವೆಲ್ಸು.
ಮುಬೀನಾ ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿ ಮೆಲ್ಲಗೆ,
ಕಾಯಿಲೆಯ ಹೆಸರು ಹೇಳುವ ಹಾಗೆ, ಹೇಳಿದಳು:
"ಆಂಟಿ, ಕೋಣೆಗಳೆಲ್ಲ ಇಬ್ಬರ ಲೆಕ್ಕ. ಒಬ್ಬರೇ ಹೋದರೂ
ಇನ್ನೊಬ್ಬರ ದುಡ್ಡು ಹೆಚ್ಚುಕಮ್ಮಿ ಪೂರ್ತಿ ಕಟ್ಟಬೇಕು.
ಜೊತೆಗೆ ಯಾರಾದರೂ...?"

ಮದುವೆಮನೆಯ ಪಂಕ್ತಿಯಲ್ಲಿ, ಬಾಡಿಗೆಮನೆಯ ಬಾಗಿಲಲ್ಲಿ,
ರೇಷನ್ ಕಾರ್ಡಿನ ಎರಡನೇ ಸಾಲಿನಲ್ಲಿ
ಕೇಳಿ ಕೇಳಿ ನುಣುಪಾದ ಪ್ರಶ್ನೆ.
ಇಷ್ಟು ವರ್ಷ ಪುಕ್ಕಟೆ ಕೇಳುತ್ತಿದ್ದರು.
ಇವರು ಬೆಲೆ ಹಾಕಿದ್ದಾರೆ.
ಅದೂ ಒಂದು ಮರ್ಯಾದೆಯೇ ಅನಿಸಿತು.
ಆ ಇನ್ನೊಂದು ಹಾಸಿಗೆಯ ಮೇಲೆ ಸ್ವೆಟರು ಹರಡುತ್ತೇನೆ,
ಕಿತ್ತಳೆ ಸುಲಿಯುತ್ತೇನೆ. ರಾತ್ರಿ ಈ ಮಂಚ, ಮಧ್ಯಾಹ್ನ ಆ ಮಂಚ.
ಕೊಟ್ಟ ದುಡ್ಡು ಬಿಡುವವಳಲ್ಲ ನಾನು.

ಕೇಳಬೇಕಾದದ್ದು ಒಂದೇ ಇತ್ತು.
ಮುಬೀನಾ ನಗು ತಡೆದುಕೊಂಡು ಮೂವರಿಗೂ ಟೈಪು ಮಾಡಿ ಕಳಿಸಿದಳು:
ಹಡಗಿನ ಕೆಳಗೆ ಎಷ್ಟು ನೀರಿದೆ ಎಂದು ದಿನಾ ಹೇಳುತ್ತೀರಾ?

ದೊಡ್ಡದು ಸುರಕ್ಷತೆಯ ಬಗ್ಗೆ ನಾಲ್ಕು ಪುಟ ಕಳಿಸಿತು.
ಅಗ್ಗದ್ದು, ಎಣ್ಣೆ ಮಸಾಜಿಗೆ ಮೂವತ್ತು ಪರ್ಸೆಂಟ್ ರಿಯಾಯಿತಿ.
ಮುದಿ ಹಡಗಿನಿಂದ ಹನ್ನೊಂದನೇ ದಿನ ಉತ್ತರ ಬಂತು:
ಮಧ್ಯಾಹ್ನ ಹನ್ನೆರಡಕ್ಕೆ ಲೈಬ್ರರಿ ಬಾಗಿಲಿಗೆ ಚೀಟಿ ಅಂಟಿಸುತ್ತೇವೆ.
ಹಡಗು ಇರುವ ಜಾಗ, ಗಾಳಿ, ಆಳ. ಆಳ ಮೀಟರಿನಲ್ಲಿ.
ಅಡಿ ಬೇಕಾದರೆ ದಯವಿಟ್ಟು ನೀವೇ ಗುಣಿಸಿಕೊಳ್ಳಿ.

ಗುಣಿಸಿಕೊಳ್ಳುತ್ತೇನೆ.

ಪಕ್ಕದ ಮನೆ ಕೆಂಪಾಜಮ್ಮ ಕಾಂಪೌಂಡಿಗೆ ಒರಗಿ,
"ಒಬ್ಳೇ ಹೊಂಟ್ಯಾ?" ಅಂದಳು.
"ಇಬ್ರು ದುಡ್ಡು ಕಟ್ಟಿವ್ನಿ ಕಣಕ್ಕ, ಒಬ್ಳೆಂಗಾಯ್ತೀನಿ?"
ಅವಳು ನಗಲಿಲ್ಲ.
ಆ ಇನ್ನೊಬ್ಬ ಯಾರು ಎಂದು ಮೂರನೇ ಕ್ರಾಸು
ಆ ರಾತ್ರಿ ನಿದ್ದೆಗೆಟ್ಟಿರಬೇಕು.

ಪೇಟೆಬೀದಿಯಲ್ಲಿ ಒಂದು ರಿಜಿಸ್ಟರು ತಂದೆ, ಇನ್ನೂರು ಪುಟದ್ದು.
ಸ್ಕೇಲು ಹಿಡಿದು ಗೆರೆ ಹಾಕಿದೆ: ತಾರೀಖು, ಜಾಗ, ಆಳ.
ಕೈ ತನ್ನ ಪಾಡಿಗೆ ತಾನು ಇನ್ನೆರಡು ಎಳೆಯಿತು,
ಒಳಹರಿವು, ಹೊರಹರಿವು.
ಸಮುದ್ರಕ್ಕೆ ತೂಬಿಲ್ಲ ಎಂದು ಆಮೇಲೆ ಹೊಳೆಯಿತು.
ಅಳಿಸಲಿಲ್ಲ.
ಏನಾದರೂ ಬರೆಯಬೇಕಾಗಬಹುದು.