ಸೀಟಿ ಫಲಕ

ಕಾರ್ಡಿಫ್ ನಾನು ಕಂಡಿಲ್ಲ. ಕಟ್ಟುತ್ತಿದ್ದೇನೆ,
ಥಾಣೆಯ ವಾಗಳೆ ಎಸ್ಟೇಟಿನ ಮೂರನೆಯ ಮಹಡಿಯಲ್ಲಿ.
ಕೆಳಗೆ ಬಿಸ್ಕತ್ತಿನ ಪೊಟ್ಟಣಕ್ಕೆ ಅಂಟು ಹಚ್ಚುವ ಕಾರ್ಖಾನೆ,
ಮೇಲೆ ನಾವು ಹನ್ನೊಂದು ಜನ, ಆಟಕ್ಕೆ ಹಳಿ ಹಾಸುವವರು.

ನಾಲ್ಕು ಸಾವಿರ ಫೋಟೋ ಕಳಿಸಿದ್ದಾರೆ.
ಇಟ್ಟಿಗೆಯ ಬಣ್ಣವನ್ನೂ ಕಳಿಸಿದ್ದಾರೆ, ಅಂಕಿಗಳಲ್ಲಿ.
ಮಳೆ ಮೂರು ಬಗೆ: ಸಣ್ಣದು, ಇನ್ನೂ ಸಣ್ಣದು,
ನಿಂತ ಮೇಲೆ ಗಾಜಿಗೆ ಅಂಟಿ ಉಳಿದದ್ದು.
ನಿಲ್ದಾಣದ ಹೆಸರು ಎರಡೆರಡು ಭಾಷೆಯಲ್ಲಿ;
ಅವರ ಜೋಡಿ ಎಲ್ಲಿಗೆ ನಾಲಗೆ ಎಲ್ಲಿಡಬೇಕೋ ತಿಳಿಯದೆ
ನಮ್ಮ ಳಕಾರದ ಮೇಲೆಯೇ ದಾಟಿಕೊಂಡೆ.
ಬೇಸರವಾದಾಗ ಟಾಫ್ ನದಿಗೆ ಒಂದೊಂದು ಬಾತುಕೋಳಿ ಬಿಡುತ್ತೇನೆ.

ಓಡಿಸಿ ನೋಡಲು ಸಂಗನಬಸು ಕಾಕಾ.
ಮೋಟರ್‌ಮನ್, ಕಲ್ಯಾಣ, ಇಪ್ಪತ್ತಾರು ವರ್ಷ.
ಹೋದ ವರ್ಷ ರೇಲ್ವೆ ಡಾಕ್ಟರು ತೆರೆದು ಹಿಡಿದ ಚುಕ್ಕಿಗಳ ಪುಸ್ತಕದಲ್ಲಿ
ಅಡಗಿದ್ದ ಅಂಕಿ ಇವನಿಗೆ ಕಾಣಲಿಲ್ಲ.
ಈಗ ಕುರ್ಲಾ ಕಾರ್‌ಶೆಡ್ಡಿನಲ್ಲಿ ಕೀಲಿಕೈಗಳ ರಿಜಿಸ್ಟರು ಬರೆಯುತ್ತಾನೆ.
ರವಿವಾರ ಡೊಂಬಿವಲಿಯ ನನ್ನ ಖೋಲಿಗೆ
ಶೇಂಗಾ ಹಿಂಡಿಯ ಬಾಟಲಿ ಹಿಡಿದು ಬರುತ್ತಾನೆ,
ಚಪ್ಪಲಿ ಬಿಟ್ಟು, ಕಂಪ್ಯೂಟರಿಗೆ ಕೈಮುಗಿದು ಕೂರುತ್ತಾನೆ.

ಕೂತದ್ದೇ ಮೌಸನ್ನು ಅದುಮಿ ಹಿಡಿಯುತ್ತಾನೆ.
‘ಬಿಡ್ರಿ ಕಾಕಾ, ಒತ್ತೋದು ಬ್ಯಾಡ.’
‘ಬಿಟ್ರ ಗಾಡಿ ನಿಂದರತೈತಿ.’
ಅಲ್ಲಿ ಹಿಡಿಕೆಯಿಂದ ಕೈ ಎತ್ತಿದರೆ
ಚಾಲಕ ಸತ್ತನೆಂದು ಬಗೆದು ಬ್ರೇಕು ತಾನೇ ಬೀಳುತ್ತದಂತೆ.

ಕಾರ್ಡಿಫ್ ಸೆಂಟ್ರಲ್ ಬಿಟ್ಟ. ಕ್ವೀನ್ ಸ್ಟ್ರೀಟ್ ದಾಟಿದ.
ಪಕ್ಕದಲ್ಲಿ ಕೂತು ನಾನು ಸಿಗ್ನಲ್ ಕೂಗಬೇಕು:
ಹಸಿರು ಕಾಕಾ, ಹಸಿರು, ಹಳದಿ.
ಎರಡೇ ಡಬ್ಬಿ, ಮುಚ್ಚಿದ ಬಾಗಿಲು,
ಒಳಗೆ ಹದಿನಾಲ್ಕು ಮಂದಿ, ಎಲ್ಲರಿಗೂ ಸೀಟು.
‘ಯವ್ವಾ, ಇದು ಗಾಡಿಯೋ, ಸಾಹೇಬರ ಸಲೂನೋ?’

ಮೊದಲ ತಿರುವು ಬಂತು.
ಹಾರ್ನ್ ಒತ್ತಿದ, ಉದ್ದಕ್ಕೆ, ಮುಂಬ್ರಾದ ತಿರುವಿನಲ್ಲಿ ಒತ್ತುವ ಹಾಗೆ.
ಪರದೆಯ ಮೂಲೆಯಲ್ಲಿ ಕೆಂಪಕ್ಷರ
(ಅವನಿಗದು ಮಣ್ಣಿನ ಬಣ್ಣ):
ಅನಗತ್ಯ ಹಾರ್ನ್. ಐದು ಅಂಕ ಕಡಿತ.
ಎರಡನೆಯ ತಿರುವು, ಐದು. ಸೇತುವೆ, ಐದು.
‘ಇಲ್ಲಿ ಹಳಿಗೆ ಯಾರೂ ಬರಂಗಿಲ್ಲ ಕಾಕಾ.
ಬರಾಕ ಬೇಕಾದ ಕಾಲನ್ನ ನಾವು ಬರದೇ ಇಲ್ಲ.
ಪ್ಲಾಟ್‌ಫಾರ್ಮಿನ ಮಂದಿಗೆ ಹಳದಿ ಗೆರೀನ ಗ್ವಾಡಿ.’

ನಕ್ಕ.
ನಕ್ಕು, ಮತ್ತೆ ಹಾರ್ನ್ ಒತ್ತಿದ.

ಎಷ್ಟು ಜನ ಎಂದು ಯಾವತ್ತೂ ಹೇಳಿದವನಲ್ಲ.
ಕೇಳಿದರೆ, ‘ಬರದಿಟ್ಟಾರಲ್ಲ, ಆಫೀಸಿನ್ಯಾಗ.’
ಒಮ್ಮೆ ಮಾತ್ರ, ಕರೆಂಟು ಹೋದ ರಾತ್ರಿ,
ಒಂದು ಸ್ಟೀಲಿನ ಡಬ್ಬಿಯ ಸುದ್ದಿ ತೆಗೆದ:
ದಿವಾದ ಈಚೆ, ಜಲ್ಲಿಯ ಮೇಲೆ ಉರುಳುರುಳಿ ನಿಂತಿತ್ತಂತೆ,
ಮುಚ್ಚಳ ಬಿಚ್ಚಿರಲಿಲ್ಲ.
ಒಳಗೆ ಏನಿತ್ತೋ, ಎಂದ.
ಏನಿತ್ತೋ ಯಾರಿಗ್ಗೊತ್ತು, ಎಂದ.
ಆಮೇಲೆ ಪಂಖಾ ತಿರುಗಿತು.

ಸೋಮವಾರ ಯಾರೂ ಬರುವ ಮೊದಲೇ ಹೋಗಿ ಕಡತ ತೆರೆದೆ.
ಅಂಕ ಕಳೆಯುವ ಸಾಲು ನನ್ನ ಕೈಯಲ್ಲಿಲ್ಲ, ಬೀಗ ಹಾಕಿದ್ದಾರೆ.
ಆದರೆ ಸೀಟಿ ಫಲಕ ಇದ್ದಲ್ಲಿ ಹಾರ್ನ್ ತಪ್ಪಲ್ಲ,
ನಿಯಮ.
ಮೊದಲ ತಿರುವಿಗೆ ಮುನ್ನ, ಹುಲ್ಲಿನಲ್ಲಿ,
ಕಂಬ ನೆಟ್ಟೆ. ದುಂಡನೆಯ ಬಿಳಿ ತಗಡು, ಅದರಲ್ಲೊಂದು ಕಪ್ಪು ಡಬ್ಲ್ಯು.
ಎರಡನೆಯ ತಿರುವಿಗೆ. ಸೇತುವೆಗೆ. ಒಟ್ಟು ಏಳು.
ಹಳೆಯವೆನಿಸಲೆಂದು ಬುಡಕ್ಕೆ ತುಸು ತುಕ್ಕು ಸವರಿದೆ.

ಮಧ್ಯಾಹ್ನ ಪುಣೆಯಿಂದ ತನ್ಮಯ ಕರ್ಮರ್ಕರನ ಪ್ರಶ್ನೆ:
ಇವು ಯಾವ ಫೋಟೋದಲ್ಲೂ ಇಲ್ಲವಲ್ಲ?
ಬರೆದೆ, ಅಳಿಸಿದೆ. ಮತ್ತೆ ಬರೆದೆ.
ಕೊನೆಗೆ ‘ನೋಡುತ್ತೇನೆ’ ಎಂದಷ್ಟೇ ಕಳಿಸಿ
ನದಿಯ ಕಡೆ ಹೋದೆ.

ಅಲ್ಲೊಂದು ಬಾತುಕೋಳಿ, ನಾನೇ ಎಂದೋ ಕೈತಪ್ಪಿ ಇಟ್ಟದ್ದು,
ಎರಡು ಹಳಿಗಳ ನಡುವೆ ಕೂತಿತ್ತು.
ಎತ್ತಿ ನೀರಿಗೆ ಬಿಟ್ಟೆ.